ಪಡಸಾಲೆಯ ಎರಡನೇ ಒಲೆ

1985ರಲ್ಲಿ ನಾನು ಕುಂದಗೋಳ ತಾಲ್ಲೂಕಿನಲ್ಲಿ, ಯರಗುಪ್ಪಿ ಸಮೀಪದ ಒಂದು ಹಳ್ಳಿಗೆ ಗ್ರಾಮ ಲೆಕ್ಕಿಗನಾಗಿದ್ದೆ. ಊರವರ ಬಾಯಲ್ಲಿ ತಲಾಠಿ. ಪಹಣಿ ಬರೆಯುವುದರ ಜೊತೆಗೆ ವೃದ್ಧಾಪ್ಯ ವೇತನದ ಅರ್ಜಿಗಳ ವಿಚಾರಣೆಯೂ ನನ್ನ ತಲೆಯ ಮೇಲೇ ಬಿದ್ದಿತ್ತು. ಹಳ್ಳಿಯಲ್ಲಿ ಅದು ‘ಮುದುಕರ ಪಗಾರ’. ದುಡಿಯುವ ಮಗನೊಂದಿಗೆ ಉಂಡುಕೊಂಡು ಇರುವವರಿಗೆ ಅದು ಸಿಗುತ್ತಿರಲಿಲ್ಲ. ಬೇರೆ ಇದ್ದಾರೋ ಇಲ್ಲವೋ ಎಂದು ತಿಳಿಯಲು ನಾವು ಒಲೆ ಎಣಿಸುತ್ತಿದ್ದೆವು.

ನಿಂಗವ್ವ ಕುರಿ ಸಾಕುವ ಮನೆಯ ವಿಧವೆ. ಮಗ ಬೀರಪ್ಪ ವರ್ಷದಲ್ಲಿ ಅರ್ಧಕಾಲ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಮನೆಯಲ್ಲಿ ಇವಳು, ಸೊಸೆ ಮಲ್ಲವ್ವ. ನೋಯುವ ಮೊಣಕಾಲು ಹಿಡಿದುಕೊಂಡು ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುವುದು ಮುದುಕಿಗೆ ಇನ್ನು ಆಗುತ್ತಿರಲಿಲ್ಲ. ನನಗೆ ಕನಿಕರ ಬಂತು. ನಾನು ಬಲು ಜಾಣ ಎಂಬ ಹಮ್ಮೂ ಇತ್ತು.

“ಯವ್ವಾ, ಪಡಸಾಲ್ಯಾಗ ಇನ್ನೊಂದು ಒಲಿ ಹೂಡು. ಸಾಹೇಬ್ರು ಬಂದಾಗ, ನಾ ಬ್ಯಾರೆ ಅಡಗಿ ಮಾಡ್ಕೋತೀನಿ ಅನ್ನು. ಕಾಗದಕ್ಕ ಅಷ್ಟ ಸಾಕು,” ಎಂದೆ.

ತಾಲ್ಲೂಕು ಕಚೇರಿಯ ಸಾಹೇಬರು ಬಂದರು, ಬಗ್ಗಿ ಬೂದಿ ಮುಟ್ಟಿ ನೋಡಿದರು. ಪಗಾರ ಮಂಜೂರಾಯಿತು. ಮೊದಲ ಮನಿಯಾರ್ಡರ್ ಬಂದ ದಿನ ನಿಂಗವ್ವ ನನ್ನ ಕೈಗೆ ಬೆಲ್ಲದ ಹೆಂಟೆ ಇಟ್ಟಳು. ನಾನು ಬೀಗಿದ್ದೇ ಬೀಗಿದ್ದು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಆ ಓಣಿಯಲ್ಲಿ ಹೋಗುತ್ತಿದ್ದೆ. ಒಳಗೆ ಮಲ್ಲವ್ವ ರೊಟ್ಟಿ ಬಡಿಯುವ ಸದ್ದು. ಹೊರಗೆ ಪಡಸಾಲೆಯಲ್ಲಿ ನಿಂಗವ್ವ ಒಬ್ಬಳೇ ಕುಳಿತು ತನ್ನ ಪುಟ್ಟ ಒಲೆಗೆ ಊದುತ್ತಿದ್ದಳು.

“ಸಾಹೇಬ್ರು ನೋಡಿ ಹೋದ್ರಲ್ಲ ಬೇ. ಇನ್ನೂ ಯಾಕ ಇಲ್ಲೆ?”

“ಹೊಸಾ ಒಲಿ ಸುಮ್ನ ಹಚ್ಚತಾರೇನ್ರಿ? ಪೂಜಿ ಮಾಡಿ ಹಾಲು ಉಕ್ಕಿಸೀನಿ. ಬ್ಯಾರೆ ಆದಂಗ ಆತು. ಈಗ ಆ ಒಲಿದು ಹೆಂಗ ಉಣ್ಲಿ?”

ಈ ಕಡೆ ಮನೆ ಒಡೆಯುವಾಗ ಮೊದಲು ಹೊತ್ತುವುದು ಹೊಸ ಒಲೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿಕೊಟ್ಟಿದ್ದೆ. ಮಲ್ಲವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಅತ್ತೀನ್ನ ಹೊರಗ ಹಾಕ್ಯಾಳ ಅಂತಾರ್ರಿ ಮಂದಿ. ಅವರು ಕುರಿ ಹೊಡಕೊಂಡು ಬಂದ್ರ ನಾ ಏನಂತ ಹೇಳ್ಲಿ? ನಿಮ್ಮ ಪಗಾರ ನೀವ ಇಟ್ಕೋರಿ!”

“ಹಂಗ ಅನಬ್ಯಾಡ ಬೇ,” ಎಂದಳು ಮುದುಕಿ. “ಚಾಪುಡಿಗೆ, ಮೊಣಕಾಲಿನ ಎಣ್ಣಿಗೆ ಈಗ ಯಾರ ಮುಂದೂ ಕೈ ಒಡ್ಡವಲ್ಲೆ ನಾ.”

ಇಬ್ಬರದೂ ಖರೆ. ಅಂದಿನಿಂದ ನನಗೆ ಕುಂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಕಚೇರಿಯ ಸುತ್ತೋಲೆಗಳನ್ನೆಲ್ಲ ತಿರುವಿಹಾಕಿದೆ. ಹಾಲು ಉಕ್ಕಿಸಿದ ಒಲೆಗೆ ಏನು ಮಾಡಬೇಕೆಂದು ಯಾವುದರಲ್ಲೂ ಇರಲಿಲ್ಲ. ಆ ಓಣಿಗೆ ಹೋಗುವುದನ್ನೇ ಬಿಟ್ಟೆ, ಹೇಡಿಯಂತೆ.

ಆದರೆ ವರ್ಷದ ಮರುತಪಾಸಣೆ ಬಂತು, ಹೋಗಲೇಬೇಕಾಯಿತು. ಬೀರಪ್ಪ ಊರಿಗೆ ಬಂದಿದ್ದ. ಪಡಸಾಲೆಯಲ್ಲಿ ಒಲೆ ಇರಲಿಲ್ಲ. ಸೆಗಣಿಯಿಂದ ಸಾರಿಸಿದ ಆ ಜಾಗ ಒಣಗಿತ್ತು.

“ನನ್ನ ಮಗ ಎರಡೂ ಒಲಿ ನಡುವ ಕುಂತು, ಯಾವುದರದು ಉಣ್ಲಿ ಬೇ ಅಂದ. ನನ್ನ ಒಲಿ ಒಡದೆ,” ಎಂದಳು ನಿಂಗವ್ವ. ಸೊಸೆಯಿಂದ ರೊಟ್ಟಿ, ಪಲ್ಯ ತರಿಸಿ ನನ್ನ ಮುಂದಿಟ್ಟಳು. “ಉಂಡು ಬರೀರಿ. ಆದ್ರ ಈ ಸಲ ಖರೇನ ಬರೀರಿ.”

ಇದೆ ಎಂದು ಬರೆಯಲು ಕೈ ತುರಿಸುತ್ತಿತ್ತು. ‘ಬೇರೆ ಒಲೆ: ಇಲ್ಲ’ ಎಂದು ಬರೆದೆ. ಪಗಾರ ನಿಂತಿತು.

ಮುಂದಿನ ಮಳೆಗಾಲದಲ್ಲಿ ಮೆಣಸಿನಕಾಯಿ ಹೊಲದಲ್ಲಿ ಅವಳನ್ನು ಕಂಡೆ. ಕುಂತಲ್ಲೇ ಸರಿಯುತ್ತ ಕಳೆ ಕೀಳುತ್ತಿದ್ದಳು. ನಾಚಿಕೆಯಿಂದ ತಲೆ ತಗ್ಗಿಸಿ ಸೈಕಲ್ ತುಳಿದೆ. ಅವಳೇ ಕೂಗಿದಳು.

ಷರತ್ತು ಹಾಕುವವರು, ಜನ ಅದನ್ನು ಮುರಿದಾರೆಂದು ಹೆದರುತ್ತಾರೆ. ಮನಃಪೂರ್ವಕವಾಗಿ ಪಾಲಿಸಿದರೆ ಅವರ ಮನೆಯ ಗತಿಯೇನು ಎಂದು ಮೊದಲು ಕೇಳಿಕೊಳ್ಳಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು, ಅದೂ ನಿಂಗವ್ವನ ಮೊಣಕಾಲಿನ ಖರ್ಚಿನಲ್ಲಿ.

ಅವಳು ಕೂಗಿದ್ದು ಬೈಯಲು ಅಲ್ಲ. ಬದುವಿನ ಮೇಲಿನ ಗಂಟು ತೋರಿಸಿ ಅಂದಳು: “ಸಾಹೇಬ್ರ, ಬರ್ರಿ ಉಣ್ಣೂಣು. ಮಲ್ಲವ್ವ ಬುತ್ತಿ ಕಟ್ಟ್ಯಾಳ.”