ಟೊಂಕದ ಮೇಲಿನ ಕೈ

ಸರ್ ಅವರ ಬಲಗೈ ಕಿರುಬೆರಳು ಸೊಟ್ಟಗಿತ್ತು. ಹರೆಯದಲ್ಲಿ ಬಾಸ್ಕೆಟ್‌ಬಾಲ್ ಬಡಿದು ಮುರಿದದ್ದು. ಅದೇ ಬೆರಳನ್ನು ನನ್ನತ್ತ ಚಾಚಿ ಅನ್ನುತ್ತಿದ್ದರು: "ನನ್ನ ತಡಿಯೂದು ನಿನ್ನ ಕೈಲಿ ಎಂದೂ ಆಗಂಗಿಲ್ಲಪಾ."

ಜತ್ತದ ಕಾಲೇಜಿನಲ್ಲಿ ಅವರು ನಮಗೆ ಆಟ ಕಲಿಸುವ ಮಾಸ್ತರರು. ನಾನು ಸೊರಡಿ ಹಳ್ಳಿಯ ಹುಡುಗ. ತಂಡದಲ್ಲಿ ನನ್ನ ಕೆಲಸ ಎದುರಿನವನನ್ನು ತಡೆಯುವುದು. ಆಟ ಮುಗಿದರೆ ಕಟ್ಟೆಯ ಮೇಲೆ ನಮ್ಮದು ದಿನಾ ಒಂದೇ ಜಗಳ: ತಡೆಯುವುದರಲ್ಲಿ ಅವರ ಕಾಲದವರು ಹೆಚ್ಚೋ, ಈಗಿನವರೋ.

"ನಾವು ಟೊಂಕಕ್ಕ ಕೈ ಹಚ್ಚಿ ತಡಿತಿದ್ವಿ. ಈಗ ಮುಟ್ಟಿದ್ರ ಶೀಟಿ. ಮದಿವಿ ಹೆಣ್ಣ ಆಗ್ಯಾರ ನಿಮ್ಮ ಆಟಗಾರರು!"

"ಮುಟ್ಟದನ ತಡಿಯೂದು ಭಾಳ ಕಷ್ಟರಿ ಸರ್. ಈಗಿನವರು ಅಷ್ಟ ದೂರದಿಂದ ಚಂಡು ಒಗೀತಾರ. ನಿಮ್ಮವರ ಕೈ ಅಲ್ಲೀತನಕ ಹೋಗ್ತಿತ್ತೇನ್ರಿ?"

"ನನ್ನ ಹರೇದಾಗ ನೀ ಇರಬೇಕಿತ್ತಲೇ, ತೋರಸ್ತಿದ್ದೆ."

ಅಲ್ಲಿಗೆ ಜಗಳ ನಿಲ್ಲುತ್ತಿತ್ತು. ಅವರ ಹರೆಯ, ನನ್ನ ಹರೆಯ ಒಂದೇ ಅಂಗಳಕ್ಕೆ ಇಳಿಯುವುದು ಹೇಗೆ?

ಪದವಿಯ ನಡುವೆ ಓದು ಬಿಟ್ಟು ತಾಸಗಾವ ಕಡೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೊರಟಿದ್ದೆ. ಸುದ್ದಿ ಹೇಗೆ ಮುಟ್ಟಿತೋ, ಬಸ್ಸಿನ ಬಾಗಿಲಿಗೆ ಸರ್ ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ ನಿಂತಿದ್ದರು.

"ದಾಟಿ ಹೋಗು, ನೋಡೂಣು."

ಎಡಕ್ಕೆ ಸರಿದೆ, ಅವರೂ ಸರಿದರು. ಬಲಕ್ಕೆ ನುಗ್ಗಿದೆ, ಟೊಂಕಕ್ಕೆ ಕೈ ಬಿತ್ತು. ಕಂಡಕ್ಟರ್ ಬೈಯುತ್ತಿದ್ದ, ಜನ ನಗುತ್ತಿದ್ದರು.

"ಫೌಲ್‌ರಿ ಸರ್!" ಎಂದೆ.

"ನಮ್ಮ ಕಾಲದಾಗ ಅಲ್ಲ."

ಬಸ್ಸು ಹೋಯಿತು. ನಾನು ಕಾಲೇಜಿಗೆ ಮರಳಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪದವಿ ಕೈಗೆ ಬರುವ ಹೊತ್ತಿಗೆ ಸರ್‌ಗೆ ಲಕವಾ ಹೊಡೆದಿತ್ತು. ಎಡ ಮಗ್ಗಲು ಸ್ವಾಧೀನ ತಪ್ಪಿ, ಮಾತು ಬರೀ ಗೊರಗೊರ. ಇನ್ನೇನೂ ಮಾಡಲಾಗದು ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಖುರ್ಚಿಯಲ್ಲಿ ಕೂತಿದ್ದವರ ಬಲಗೈಗೆ ಪ್ರಮಾಣಪತ್ರ ಕೊಟ್ಟೆ. ಸೊಟ್ಟ ಬೆರಳು ಅದರ ಅಂಚನ್ನು ಹಿಡಿಯಿತು. ಅಷ್ಟರಲ್ಲಿ ಮೈ ಎಡಕ್ಕೆ ಜಾರತೊಡಗಿತು. ಮೊಣಕಾಲು ಬಗ್ಗಿಸಿ ಟೊಂಕಕ್ಕೆ ಕೈ ಕೊಟ್ಟೆ. ಎತ್ತಿ ಕೂರಿಸಿದಷ್ಟೂ ಜಾರುತ್ತಿದ್ದರು. ಆ ಚಳಿಗಾಲವನ್ನು ಅವರು ದಾಟಲಿಲ್ಲ, ನನ್ನಿಂದ ತಡೆಯಲಾಗಲಿಲ್ಲ.

ಪ್ರಮಾಣಪತ್ರ ಕೊಟ್ಟ ಅವತ್ತು, ಅವರಿಗೆ ನೋವಾಯಿತೇನೋ ಎಂದು ನಾನು ಕೈ ಸಡಿಲಿಸಿದೆ. ಬಸ್ಸಿನ ಕತೆಯನ್ನು ಗಂಡನ ಬಾಯಲ್ಲಿ ಎಷ್ಟು ಸಲ ಕೇಳಿದ್ದರೋ, ಅವರ ಹೆಂಡತಿ ದಿಂಬು ತರುತ್ತಾ ಗದರಿದರು:

"ಕೈ ತೆಗೀಬ್ಯಾಡ ತಮ್ಮಾ. ಅವರ ಕಾಲದಾಗ ಅದು ಫೌಲ್ ಅಲ್ಲ."