ನಮ್ಮ ಕುಕ್ಕರ್ ಎಷ್ಟು ಸಲ ಕೂಗಿತು

ಎದುರಾಳಿ ಒಂದು ಪದ ಬಳಸಿದರೆ ಮೊದಲು ಅದರ ಅರ್ಥ ಕೇಳಬೇಕು, ಅರ್ಧ ವಾದ ಅಲ್ಲೇ ಬೀಳುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಈ ಚಟವನ್ನು ಬನಶಂಕರಿಯ ನಮ್ಮ ಮನೆಯ ಊಟದ ಮೇಜಿಗೂ ತಂದಿದ್ದೆ. ಕಳೆದ ವರ್ಷ ಅಮ್ಮನ ಕೆಲಸದ ವಿಷಯ ಬಂದಾಗ ಅಪ್ಪನ ಮೇಲೆ ಪ್ರಯೋಗಿಸಿದೆ.

ಅಮ್ಮ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಮಾತ್ರ ಗಣಿತ ಹೇಳಿಕೊಡುತ್ತಿದ್ದಳು. ಪೂರ್ತಿ ದಿನದ ಮೇಷ್ಟ್ರು ನಿವೃತ್ತರಾದರು. ಆ ಜಾಗ ನಿಮಗೇ ಅಂದರು ಶಾಲೆಯವರು. ಮೇಷ್ಟ್ರ ಸಂಬಳವೂ ಬೇಕು ಅಂದಳು ಅಮ್ಮ. ಅದಕ್ಕೂ ಒಪ್ಪಿದರು. ಆದರೆ ಸಾರಕ್ಕಿ ಸಿಗ್ನಲ್ ದಾಟಿ ಏಳೂವರೆಗೆ ತರಗತಿಯಲ್ಲಿರಬೇಕು. "ಮನೇಲಿ ಅಡುಗೆಗೇನ್ ಮಾಡ್ತೀರಾ ಮೇಡಂ?" ಎಂದು ಹೆಡ್‌ಮಿಸ್ ಕೇಳಿದರಂತೆ. ಮೇಷ್ಟ್ರನ್ನು ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಮ್ಮ ಮಾತ್ರ ಆ ಪ್ರಶ್ನೆಯನ್ನು ಮನೆಗೇ ಹೊತ್ತು ತಂದಿದ್ದಳು.

"ಹೋಗು, ನಾನೇನ್ ಬೇಡ ಅಂದಿದೀನಾ? ನಾವು ಹೆಲ್ಪ್ ಮಾಡ್ತೀವಿ," ಅಂದರು ಅಪ್ಪ.

"ಹೆಲ್ಪ್ ಅಂದ್ರೇನಪ್ಪ? ಊಟ ಮಾಡೋರು ಮೂರು ಜನ. ಅಡುಗೆಮನೆ ಅಮ್ಮನ ಸ್ವಂತ ಆಸ್ತೀನಾ?"

"ಶುರುವಾಯ್ತು ನೋಡು ಇವನದು."

ಅಮ್ಮ ತಟ್ಟೆ ಎತ್ತುತ್ತಾ, "ಭಾಷಣ ಚೆನ್ನಾಗಿದೆ ಕಣೋ. ಶನಿವಾರ ಸ್ಕೂಲಿಗೆ ಹೋಗಿ ಉತ್ತರ ಹೇಳ್ಬೇಕು. ಅವತ್ತು ಅಡುಗೆ ನಿಮ್ಮಿಬ್ರದು. ನೋಡೇ ಬಿಡೋಣ," ಅಂದಳು.

ಶನಿವಾರ ಅಪ್ಪ ಹುರುಳಿಕಾಯಿ ಹೆಚ್ಚಿದರು. ನಾನು ಬೇಳೆ ತೊಳೆದು ಕುಕ್ಕರ್ ಇಟ್ಟೆ. "ಮೂರು ವಿಷಲ್, ಅಷ್ಟೇ," ಎಂದು ಹೇಳಿ ಅಮ್ಮ ಹೊರಟಳು. ನಾನು ಹಾಲ್‌ಗೆ ಬಂದು, ಅಪ್ಪನೊಂದಿಗೆ ಬಾಕಿಯಿದ್ದ ವಾದ ಮುಂದುವರಿಸುತ್ತಲೇ ಎಣಿಸಿದೆ. ಮೂರಾಯಿತು. ಓಡಿಹೋಗಿ ಆರಿಸಿದೆ. ಆಮೇಲೆ ಹುಣಸೆರಸ, ಹುಳಿಪುಡಿ ಎಲ್ಲ ಹಾಕಿ ಕುದಿಸಿದೆವು. ಹುಣಸೆ ಬಿದ್ದ ಮೇಲೆ ಬೇಳೆ ಬೇಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಅಮ್ಮ ಬಂದವಳೇ ಒಂದು ಚಮಚ ಬಾಯಿಗಿಟ್ಟಳು. ಕಟುಮ್ ಎಂದು ಸದ್ದು ಬಂತು.

"ಎಷ್ಟು ಕೂಗಿತ್ತು?"

"ಮೂರು. ನಾನೇ ಎಣಿಸಿದೀನಿ."

ನಮ್ಮ ಅಡುಗೆಮನೆಯ ಕಿಟಕಿಗೂ ಪಕ್ಕದ ಮನೆ ಆಂಟಿಯ ಕಿಟಕಿಗೂ ಮಧ್ಯೆ ಇರುವುದು ನಾಲ್ಕೇ ಅಡಿ. ಅಲ್ಲಿಂದ ದನಿ ಬಂತು: "ಅದ್ರಲ್ಲಿ ಎರಡು ನಮ್ದು ಕಣೋ!"

ಅಪ್ಪ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಇಡೀ ವಾದಕ್ಕೆ ಇದ್ದ ಒಂದೇ ಸಾಕ್ಷಿ ಆ ಪಾತ್ರೆಯಲ್ಲಿ ಹಸಿಯಾಗಿ ತೇಲುತ್ತಿತ್ತು.

"ಹಂಗಾದ್ರೆ ಬೇಡ ಅಂತ ಫೋನ್ ಮಾಡ್ತೀಯಾ?" ಎಂದು ಮೆಲ್ಲಗೆ ಕೇಳಿದೆ.

"ಯಾಕೆ? ಬೆಳಗ್ಗೇನೇ ಒಪ್ಕೊಂಡು ಸೈನ್ ಹಾಕಿ ಬಂದಾಯ್ತು. ನಿಮ್ಮಿಬ್ರ ಬೇಳೆ ಬೇಯ್ಲಿ ಅಂತ ಕಾಯ್ತಾ ಕೂತ್ರೆ ನಾನೂ ರಿಟೈರ್ ಆಗೋಗ್ತೀನಿ."

ಸೋಮವಾರ ಅಮ್ಮ ಆರೂವರೆಗೇ ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ಹೋದಳು. ನಾನು ಒಲೆಯ ಮುಂದೆ ನಿಂತಿದ್ದೆ. ಹಾಲ್‌ನಿಂದ ಅಪ್ಪ ಕೂಗಿದರು: "ಎಷ್ಟಾಯ್ತೋ?"

"ಇಲ್ಲೇ ಬಂದು ಎಣಿಸಿ."

ಅಪ್ಪ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತರು. ಎಲ್ಲೋ ಒಂದು ವಿಷಲ್ ಆಯಿತು. ಇಬ್ಬರೂ ಬಗ್ಗಿ ನೋಡಿದೆವು. ನಮ್ಮದಲ್ಲ.