ಅಳಿವೆಗೆ ಗುಡ್ಡ ಬರೆಯಲೊಲ್ಲದ ಅಣ್ಣ

ಅಣ್ಣ ಯಾವ ಚಿತ್ರವನ್ನೂ ಮನೆಯೊಳಗೆ ಮುಗಿಸುತ್ತಿರಲಿಲ್ಲ. ಕಾಸರಕೋಡಿನ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ತಾಗುವ ಕಡೆ ಒಂದು ಗೆರೆ ಕಾಣುತ್ತದೆ. ಅದನ್ನು ಹಾಳೆಗೆ ತರಲು ಒಣಮೀನಿನ ಚಾಪೆಗಳ ಪಕ್ಕ, ಅದೇ ಮರಳಿನ ಮೇಲೆ ಮತ್ತೆ ಮತ್ತೆ ಹೋಗಿ ಕೂರುತ್ತಿದ್ದ.

ಯುದ್ಧದ ಕಾಲ. ಒಂದು ಬೆಳಿಗ್ಗೆ ನಾನೂ ಜೊತೆಗಿದ್ದೆ. ಪೊಲೀಸ್ ಫೌಜದಾರ ಬಂದು ಚಿತ್ರದ ಹಲಗೆಯನ್ನೇ ಕಿತ್ತುಕೊಂಡ.

“ಎಂತ ಇದು? ಹಡಗು ಒಳಗೆ ಬರೂ ದಾರಿ ಬರ್ದು ಯಾರಿಗೆ ಕಳಿಸ್ತೀ?”

ಮೀನು ಮಗುಚುತ್ತಿದ್ದ ಮುದುಕಿ ನಕ್ಕಳು. “ಹೌದು ಸಾಯ್ಬ್ರೆ, ಜಪಾನಿನವ್ರು ಈ ಚಿತ್ರ ಒಣಗೂದನ್ನೇ ಕಾಯ್ತಾ ಕೂತಾರೆ!”

ಫೌಜದಾರನ ಮುಖ ಬಿಗಿಯಿತು. ಅಳಿವೆಯ ಬಾಯಿ ಮುಚ್ಚುವಂತೆ ಒಂದು ಗುಡ್ಡ ಬರೆದರೆ ಚಿತ್ರ ಕೊಡುತ್ತೇನೆ, ಇನ್ನು ಮುಂದೆ ಮನೆಯಲ್ಲಿ ಕೂತು ಬರಿ ಎಂದ.

“ಇಲ್ಲದ ಗುಡ್ಡ ಎಲ್ಲಿಂದ ತರ್ಲಿ?” ಅಣ್ಣ ಹಲಗೆಯನ್ನು ಕಸಿದು, ಹಾಳೆಯನ್ನು ನೀರಿಗದ್ದಿ ಅಂಗೈಯಿಂದ ಉಜ್ಜಿಬಿಟ್ಟ. “ಈಗ ತಗಳಿ.”

ನನ್ನ ಸಿಟ್ಟು ಇಂದಿಗೂ ಆರಿಲ್ಲ. ಆ ಬೆಳಿಗ್ಗೆ ಗೆರೆ ಹಸಿರಾಗಿತ್ತು ಎಂದು ಬರೆಯಹೊರಟರೆ ಕೈ ತಡೆಯುತ್ತದೆ. ಕಂಡದ್ದನ್ನು ಹೇಳುತ್ತಿದ್ದೇನೋ, ಆಮೇಲೆ ಕಟ್ಟಿಕೊಂಡದ್ದನ್ನೋ? ತಾಳೆ ನೋಡಲು ಇದ್ದ ಒಂದೇ ಹಾಳೆ ಆ ಮೂರ್ಖನ ಹುಕುಮಿಗೆ ಹೋಯಿತು. ಯುದ್ಧ ಮುಗಿಯುವ ತನಕ ಪೊಲೀಸರು ಅಣ್ಣನನ್ನು ಅಳಿವೆಗೆ ಬಿಡಲಿಲ್ಲ. ಮನೆಯೊಳಗೆ ಅವನು ಕುಂಚ ಮುಟ್ಟಲಿಲ್ಲ.